ಮನೆಗೂ ನೆಲಕ್ಕೂ ಒಂದೇ ನಕ್ಷೆ

ಕೇಳುಗರಿಗೆ ನಮಸ್ಕಾರ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಯಾರಾದರೂ ಇಳಿಜಾರಿನಲ್ಲಿ ಜಾಗ ಕೊಂಡರೆ ಮೊದಲು ಬರುವುದು ಜೆಸಿಬಿ. ಬೆಳಿಗ್ಗೆ ಶುರುವಾದರೆ ಸಂಜೆಯೊಳಗೆ ಗುಡ್ಡದ ಒಂದು ಮಗ್ಗುಲು ಮಟ್ಟಸವಾಗಿರುತ್ತದೆ. ಆಮೇಲೆ ಆರ್ಕಿಟೆಕ್ಟ್ ಬರುತ್ತಾರೆ, ಮನೆ ಏಳುತ್ತದೆ. ಗೃಹಪ್ರವೇಶ ಹತ್ತಿರ ಬಂದಾಗ ನಮ್ಮಂಥವರಿಗೆ ಫೋನ್ ಬರುತ್ತದೆ. "ಮುಂದೆ ಒಂದಿಷ್ಟು ಲಾನ್ ಹಾಕಿ, ನಾಲ್ಕು ಪಾಮ್ ನೆಟ್ಟುಕೊಡಿ."

ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಕಟ್ಟಡದ ಸುತ್ತಲಿನ ನೆಲ, ನೀರು, ಮರ, ದಾರಿ ಹೇಗಿರಬೇಕು ಅಂತ ಯೋಚಿಸುವುದು ನನ್ನ ಕೆಲಸ. ಆ ಫೋನ್ ಬರುವ ಹೊತ್ತಿಗೆ ಈ ಕೆಲಸದಲ್ಲಿ ಮುಖ್ಯವಾದದ್ದೆಲ್ಲ ಕೈತಪ್ಪಿರುತ್ತದೆ. ಮೇಲ್ಮಣ್ಣು ಹೋಗಿರುತ್ತದೆ. ನೀರಿನ ದಾರಿ ಮುಚ್ಚಿರುತ್ತದೆ. ಕಟ್ಟಡದ ಆರ್ಕಿಟೆಕ್ಟ್ ಮತ್ತು ನಾವು ಮೊದಲ ದಿನವೇ ಒಟ್ಟಿಗೆ ಜಾಗ ನೋಡಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಒಂದು ಸಣ್ಣ ಲೆಕ್ಕ ಕೊಡುತ್ತೇನೆ. 1,000 ಚದರ ಅಡಿಯ ಚಾವಣಿಯ ಮೇಲೆ 1 ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಮಲೆನಾಡಿನ ಆಷಾಢದಲ್ಲಿ ಒಂದು ಇಂಚು ಯಾವ ಲೆಕ್ಕ, ಅಲ್ವಾ? ಚಾವಣಿ ಯಾವ ಕಡೆಗೆ ಇಳಿಯಬೇಕು, ಪೈಪ್ ಎಲ್ಲಿ ಬರಬೇಕು ಎಂದು ಆರ್ಕಿಟೆಕ್ಟ್ ತೀರ್ಮಾನಿಸುತ್ತಾರೆ. ಪೈಪಿನಿಂದ ಕೆಳಗೆ ಬಿದ್ದ ನೀರು ಎಲ್ಲಿಗೆ ಹೋಗಬೇಕು? ಅದನ್ನು ಯಾರೂ ಬರೆದಿರುವುದಿಲ್ಲ. ನೀರು ತನ್ನ ಪಾಡಿಗೆ ಮನೆಯ ಹಿಂದಿನ ಧರೆಯ, ಅಂದರೆ ಕಡಿದು ನಿಲ್ಲಿಸಿದ ಗುಡ್ಡದ ಮಗ್ಗುಲಿನ, ಬುಡ ಹುಡುಕಿಕೊಂಡು ಹೋಗುತ್ತದೆ. ಇಬ್ಬರೂ ಒಂದೇ ನಕ್ಷೆಯ ಮುಂದೆ ಕೂತಿದ್ದರೆ ಆ ಪೈಪನ್ನು ಇನ್ನೊಂದು ಮೂಲೆಗೆ ತಂದು, ಅಲ್ಲಿಂದ ಬಸಿಗಾಲುವೆ ತೆಗೆದು, ನೀರನ್ನು ಕೆಳಗಿನ ಹಳ್ಳಕ್ಕೋ ಇಂಗುಗುಂಡಿಗೋ ಸೇರಿಸಬಹುದಿತ್ತು.

ಧರೆಯ ಮಾತು ಬಂತು. ಶಿರಾಡಿ ಘಾಟಿಯ ದಾರಿಯಲ್ಲಿ, ದೋಣಿಗಲ್ ಹತ್ತಿರ ಮಳೆಗಾಲದಲ್ಲಿ ಮಣ್ಣು ಜರಿದದ್ದನ್ನು ನಾವೆಲ್ಲ ನೋಡಿದ್ದೇವೆ. ಹೆದ್ದಾರಿಯ ವಿಷಯ ದೊಡ್ಡದು. ಆದರೆ ಮನೆಯ ಹಿತ್ತಲಲ್ಲೂ ಆಗುವುದು ಅದೇ. ಗುಡ್ಡವನ್ನು ನೆಟ್ಟಗೆ ಕಡಿಯುತ್ತೇವೆ. ಅದಕ್ಕೊಂದು ತಡೆಗೋಡೆ ಕಟ್ಟುತ್ತೇವೆ. ಗೋಡೆಯ ಹಿಂದೆ ಜಲ್ಲಿ ತುಂಬಿಸದಿದ್ದರೆ, ನೀರು ಬಸಿಯಲು ತೂತು ಬಿಡದಿದ್ದರೆ, ಹಿಂದೆ ನಿಂತ ನೀರೇ ಗೋಡೆಯನ್ನು ಮುಂದಕ್ಕೆ ನೂಕುತ್ತದೆ. ಸಿಮೆಂಟ್ ಜಾಸ್ತಿ ಹಾಕಿದರೆ ಇದು ಸರಿಹೋಗುವುದಿಲ್ಲ. ಒಂದೇ ಎತ್ತರದ ಕಡಿತದ ಬದಲು ಎರಡು ಮೂರು ಮೆಟ್ಟಿಲಾಗಿ ಇಳಿಸಿ, ಅಂಚಿಗೆ ಲಾವಂಚ ನೆಟ್ಟರೆ ಎಷ್ಟೋ ವಾಸಿ. ಲಾವಂಚದ ಬೇರು ನೆಟ್ಟಗೆ 2–3 ಮೀಟರ್ ಆಳಕ್ಕೆ ಇಳಿದು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಆದರೆ ಹೀಗೆ ಮೆಟ್ಟಿಲು ಮಾಡಬೇಕಾದರೆ ಮನೆಯ ಮಟ್ಟವನ್ನೂ ಅದಕ್ಕೆ ಹೊಂದಿಸಬೇಕು. ಹಾಲ್ ಒಂದು ಮಟ್ಟದಲ್ಲಿ, ಮಲಗುವ ಕೋಣೆ ಮೂರಡಿ ಕೆಳಗೆ. ಅದು ಆರ್ಕಿಟೆಕ್ಟ್ ಕೈಯಲ್ಲಿರುವ ಕೆಲಸ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮಾಡಲು ಆಗುವುದೇ ಇಲ್ಲ.

ಲ್ಯಾಂಡ್‌ಸ್ಕೇಪ್ ಅಂದರೆ ಗಿಡ ನೆಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಅದಷ್ಟೇ ಅಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕಡಲಿನ ದಂಡೆಯ ಮೇಲೆ, ಸಾಲ್ಕ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಕೇಂದ್ರವಿದೆ. 1960ರ ದಶಕದಲ್ಲಿ ಅದನ್ನು ವಿನ್ಯಾಸ ಮಾಡಿದವರು ಲೂಯಿ ಕಾನ್. ನಮ್ಮ ಅಹಮದಾಬಾದಿನ ಐಐಎಂ ಕೂಡ ಅವರದೇ. ಸಾಲ್ಕ್‌ನ ಎರಡು ಸಾಲು ಕಟ್ಟಡಗಳ ನಡುವಿನ ಅಂಗಳದಲ್ಲಿ ಮರ ಬೆಳೆಸಬೇಕೆಂದು ಕಾನ್ ಯೋಚಿಸಿದ್ದರು. ಮೆಕ್ಸಿಕೋದಿಂದ ಲೂಯಿಸ್ ಬರಗಾನ್ ಅವರನ್ನು ಕರೆಸಿ ಕೇಳಿದರು. ಬರಗಾನ್ ಹೆಸರಾದ ಆರ್ಕಿಟೆಕ್ಟ್, ತೋಟಗಳ ವಿನ್ಯಾಸದಲ್ಲೂ ಪಳಗಿದ ಕೈ. ಅವರು ಜಾಗ ನೋಡಿ ಮರ ಬೇಡ ಎಂದರು. ಬರೀ ಕಲ್ಲು ಹಾಸಿದ ಅಂಗಳವಾಗಿರಲಿ, ಆಕಾಶಕ್ಕೆ ತೆರೆದಿರಲಿ ಎಂದರು. ಕಾನ್ ಒಪ್ಪಿಕೊಂಡರು. ಇವತ್ತು ಆ ಅಂಗಳದ ನಡುವೆ ಒಂದು ಸಣ್ಣ ನೀರಿನ ಕಾಲುವೆ ಕಡಲಿನ ಕಡೆಗೆ ನೇರವಾಗಿ ಸಾಗುತ್ತದೆ, ಅಷ್ಟೇ. ಅಷ್ಟು ದೊಡ್ಡ ಹೆಸರಿನವರು ಇನ್ನೊಬ್ಬರನ್ನು ಕರೆದು ಕೇಳಿದರಲ್ಲ, ಅದು ನನಗೆ ತುಂಬಾ ಇಷ್ಟ.

ನಮ್ಮಲ್ಲೂ ಕಟ್ಟಡ ಮತ್ತು ನೀರನ್ನು ಬೇರೆ ಬೇರೆ ಮಾಡಿ ನೋಡಿದವರು ಕಡಿಮೆ. ಶ್ರವಣಬೆಳಗೊಳದಲ್ಲಿ ಎರಡು ಬೆಟ್ಟಗಳ ನಡುವೆ ಕಲ್ಯಾಣಿ ಇದೆ. ಹಳೇಬೀಡಿನ ಹೊಯ್ಸಳೇಶ್ವರನ ಮಗ್ಗುಲಲ್ಲೇ ದೋರಸಮುದ್ರದ ಕೆರೆ ಇದೆ.

ಮತ್ತೆ ಈಗ ಯಾಕೆ ಹೀಗೆ? ಒಂದು ಕಾರಣ ಕಾನೂನಿನಲ್ಲೂ ಇದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಆರ್ಕಿಟೆಕ್ಟ್‌ಗಳ ನೋಂದಣಿಗೆ ದಾರಿ ಮಾಡಿತು. ಲ್ಯಾಂಡ್‌ಸ್ಕೇಪ್ ಕೆಲಸಕ್ಕೆ ಅಂಥ ಬೇರೆ ಕಾಯ್ದೆ ಇಲ್ಲ. ಹಾಗಾಗಿ ನಮ್ಮನ್ನು ಕರೆಯಲೇಬೇಕು ಎಂಬ ಒತ್ತಾಯ ಮನೆ ಕಟ್ಟಿಸುವವರಿಗೆ ಇರುವುದಿಲ್ಲ. ಇನ್ನೊಂದು ಕಾರಣ ದುಡ್ಡು. ಇಬ್ಬರಿಗೆ ಯಾಕೆ ಫೀಸ್ ಕೊಡಬೇಕು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಕಡಿಯುವ ಮಣ್ಣು ಕಡಿಮೆಯಾದರೆ, ತಡೆಗೋಡೆಯ ಎತ್ತರ ಇಳಿದರೆ, ಆ ಫೀಸ್ ಅಲ್ಲೇ ಹುಟ್ಟುತ್ತದೆ ಎಂದು ನಾನು ಹೇಳುತ್ತೇನೆ.

ಹಾಸನ ಜಿಲ್ಲೆ ಒಂದನ್ನೇ ತೆಗೆದುಕೊಳ್ಳಿ. ಸಕಲೇಶಪುರದಲ್ಲಿ ನೀರನ್ನು ಮನೆಯಿಂದ ದೂರ ಸಾಗಿಸುವ ಚಿಂತೆ. ಅರಸೀಕೆರೆಯಲ್ಲಿ ಬಿದ್ದ ಹನಿಯನ್ನು ಹಿಡಿದಿಡುವ ಚಿಂತೆ, ಪಶ್ಚಿಮದ ಗೋಡೆಗೆ ಹೊಂಗೆಯದೋ ಬೇವಿನದೋ ನೆರಳು ಕೊಡುವ ಚಿಂತೆ. ಒಂದೇ ನಕ್ಷೆ ಎರಡೂ ಕಡೆ ನಡೆಯುವುದಿಲ್ಲ.

ಚಿಕ್ಕ ಮನೆ ಕಟ್ಟಿಸುವವರು ನಮ್ಮನ್ನು ಪೂರ್ತಿ ಕೆಲಸಕ್ಕೆ ಕರೆಯಬೇಕಾಗಿಲ್ಲ. ಒಂದು ಭೇಟಿ ಸಾಕು. ಆದರೆ ಅದು ನಕ್ಷೆ ಬರೆಯುವ ಮೊದಲು ಆಗಲಿ, ಸಾಧ್ಯವಾದರೆ ಮಳೆಗಾಲದಲ್ಲೇ ಆಗಲಿ. ಕೊಡೆ ಹಿಡಿದು ನಿಮ್ಮ ಆರ್ಕಿಟೆಕ್ಟ್ ಜೊತೆ ನಮ್ಮಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ ಗೂಟ ಹೊಡೆಸಿ. ಉಳಿಸಬೇಕಾದ ಹಲಸು, ಅತ್ತಿ, ನಂದಿ ಮರಗಳಿಗೆ ಸುಣ್ಣದ ಗುರುತು ಹಾಕಿಸಿ. ಸರ್ವೆಯವರು ಆ ಗೂಟಗಳನ್ನೂ ಮರಗಳನ್ನೂ ಅಳೆದು ಹಾಳೆಗೆ ಇಳಿಸಲಿ. ಮನೆಯ ಮೊದಲ ಗೆರೆ ಆ ಹಾಳೆಯ ಮೇಲೆ ಬೀಳಲಿ.

ನಮಸ್ಕಾರ.