ರೆಫರೆನ್ಸ್ ಯಾವುದು?

ಕೇಳುಗರಿಗೆ ನಮಸ್ಕಾರ.

ನನ್ನ ಗೆಳೆಯನೊಬ್ಬ ಸಿನಿಮಾಗೆ ಕಥೆ ಬರೆಯುತ್ತಾನೆ. ದಾವಣಗೆರೆಯವನು. ಎರಡು ವರ್ಷ ಕೂತು ಒಂದು ಕಥೆ ಮಾಡಿಕೊಂಡ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಕ್ಕ ತಮ್ಮನ ಕಥೆ. ಬೆಳಗಿನ ಜಾವದ ಹೊಗೆ, ಕಾದ ಮರಳು, ಸುಟ್ಟ ಬೆರಳು, ಎಲ್ಲಾ ಅದರಲ್ಲಿತ್ತು. ಗಾಂಧಿನಗರದಲ್ಲಿ ಒಬ್ಬ ನಿರ್ಮಾಪಕರ ಆಫೀಸಿಗೆ ಹೋಗಿ ಹೇಳಿದ. ಹತ್ತು ನಿಮಿಷ ಆಗುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದು ಕೇಳಿದರಂತೆ: "ಚೆನ್ನಾಗಿದೆ. ಇದಕ್ಕೆ ರೆಫರೆನ್ಸ್ ಯಾವುದು?"

ರೆಫರೆನ್ಸ್ ಅಂದರೆ, ಇದು ಯಾವ ಸಿನಿಮಾ ಥರ ಇದೆ ಅಂತ. "ಯಾವುದರ ಥರಾನೂ ಇಲ್ಲ ಸಾರ್" ಅಂದ ಇವನು. "ಹಾಗಾದ್ರೆ ಕಷ್ಟ" ಅಂದರು.

ನಗು ಬರುತ್ತೆ. ಆದರೆ ಅವರ ಕಡೆಯಿಂದಲೂ ನೋಡಬೇಕಲ್ವಾ? ಬಡ್ಡಿಗೆ ತಂದ ಕೋಟಿಗಟ್ಟಲೆ ದುಡ್ಡು ಹಾಕುವವರು. ಗೆದ್ದದ್ದು ಯಾವುದಾದರೂ ಕಣ್ಣ ಮುಂದಿದ್ದರೆ ಸ್ವಲ್ಪ ಧೈರ್ಯ. ರೀಮೇಕ್ ಬೆಳೆದದ್ದೇ ಈ ಧೈರ್ಯದ ಮೇಲೆ. ನಮ್ಮಲ್ಲಂತೂ 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಬಹಳ ಕಾಲ ಡಬ್ಬಿಂಗ್ ಇರಲಿಲ್ಲ. ಪಕ್ಕದ ಭಾಷೆಯಲ್ಲಿ ಓಡಿದ್ದನ್ನು ಇಲ್ಲಿ ಮತ್ತೆ ತೆಗೆದರೆ ಎಷ್ಟೋ ಜನಕ್ಕೆ ಅದು ಹೊಸದೇ. ಈಗ ಆ ಲೆಕ್ಕ ಕೈಕೊಟ್ಟಿದೆ. ಮಲಯಾಳಂ ಚಿತ್ರವನ್ನು ಬಸ್ಸಲ್ಲಿ ಕೂತು ಮೊಬೈಲಲ್ಲೇ ನೋಡಿ ಮುಗಿಸಿರುತ್ತಾರೆ.

ಹಾಗಂತ ನಕಲು ನಿಂತಿತಾ? ಇಲ್ಲ, ವೇಷ ಬದಲಾಯಿಸಿತು. ಮೊದಲು ಕಥೆ ತರುತ್ತಿದ್ದರು. ಈಗ ಕಥೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತರುತ್ತಾರೆ. 2018ರಲ್ಲಿ ಕೆಜಿಎಫ್ ಗೆದ್ದಿತು. ಆಮೇಲೆ ಎಷ್ಟು ಟ್ರೇಲರ್‌ಗಳು ಮೈಗೆಲ್ಲ ಮಸಿ ಬಳಿದುಕೊಂಡು ಬಂದವು ನೋಡಿ. ಹಿನ್ನೆಲೆಯಲ್ಲಿ ಗಡಸು ದನಿ, ಗಡ್ಡ, ಕೊನೆಗೆ 'ಪಾರ್ಟ್ 2'. ಹೋದ ತಿಂಗಳು ಥಿಯೇಟರಲ್ಲಿ ನನ್ನ ಪಕ್ಕ ಒಬ್ಬರು ಅಜ್ಜಿ ಕೂತಿದ್ದರು. ಹೀರೋ ಬರ್ತಿದಾನೆ ಅಂತ ಬಿಲ್ಡಪ್ಪೋ ಬಿಲ್ಡಪ್ಪು. ಬೂಟು ತೋರಿಸಿದರು, ಬೆನ್ನು ತೋರಿಸಿದರು, ಬೀಡಿ ತೋರಿಸಿದರು. ಅಜ್ಜಿ ಚಕ್ಕುಲಿ ಮುರಿಯುತ್ತಾ, "ಮುಖಕ್ಕೇನಾಗಿದೆಯಪ್ಪ ಇವನಿಗೆ?" ಅಂದರು.

ಎರವಲು ತರುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪುಟ್ಟಣ್ಣ ಕಣಗಾಲರೂ ತಂದವರೇ. 1967ರ ಬೆಳ್ಳಿಮೋಡ ತ್ರಿವೇಣಿಯವರ ಕಾದಂಬರಿ, 1969ರ ಗೆಜ್ಜೆಪೂಜೆ ಎಂ. ಕೆ. ಇಂದಿರಾ ಅವರದ್ದು. ಆ ಲೇಖಕಿಯರಿಗೆ ಮನೆಗಳ ಒಳಗು ಗೊತ್ತಿತ್ತು. ನಡುಮನೆಯಲ್ಲಿ ಏನು ಮಾತಾಡುತ್ತಾರೆ, ಅಡುಗೆಮನೆಗೆ ಬಂದು ಏನು ಮಾತಾಡುತ್ತಾರೆ, ಅದೆಲ್ಲ ಗೊತ್ತಿತ್ತು. ಎಚ್. ಜಿ. ರಾಧಾದೇವಿಯವರ ಕಾದಂಬರಿಯಿಂದ 1986ರಲ್ಲಿ ಅನುರಾಗ ಅರಳಿತು ಬಂತು. 1992ರಲ್ಲಿ ಆ ಕಥೆ ತೆಲುಗಿಗೂ ತಮಿಳಿಗೂ ಹೋಯಿತು, 1994ರಲ್ಲಿ ಹಿಂದಿಗೆ. ಒಂದು ಕಾಲಕ್ಕೆ ನಮ್ಮದು ಕಡ ಕೊಡುವ ಮನೆಯೂ ಆಗಿತ್ತು ಸ್ವಾಮಿ.

ಈಗ ಸಿನಿಮಾ ನೋಡಿ ಸಿನಿಮಾ ತೆಗೆಯುತ್ತಾರೆ. ಅದರಲ್ಲಿ ಬರುವ ಪೊಲೀಸ್ ಸ್ಟೇಷನ್ ಇನ್ನೊಂದು ಸಿನಿಮಾದ ಪೊಲೀಸ್ ಸ್ಟೇಷನ್. ಹಳ್ಳಿ ಇನ್ನೊಂದು ಸಿನಿಮಾದ ಹಳ್ಳಿ. ಅಲ್ಲಿ ಗೊಬ್ಬರದ ಅಂಗಡಿ ಇರಲ್ಲ, ಸ್ತ್ರೀಶಕ್ತಿ ಸಂಘದ ಕಂತು ಕಟ್ಟೋರು ಇರಲ್ಲ. ಸುಮ್ನೆ ನೂರು ಜನ ಕೈಕಟ್ಟಿಕೊಂಡು ನಿಂತಿರುತ್ತಾರೆ, ಹೀರೋ ಬರಲಿ ಅಂತ.

ಗೆಳೆಯನಿಗೆ ಮೊನ್ನೆ ಅದೇ ನಿರ್ಮಾಪಕರಿಂದ ಫೋನ್ ಬಂತು. ಖುಷಿಯಿಂದ ಹೋದ. "ನಿಮ್ಮ ಭಟ್ಟಿ ಇರಲಿ. ಪಕ್ಕದಲ್ಲೇ ಒಂದು ದೈವದ ಗುಡಿ ಹಾಕಿ. ಕ್ಲೈಮ್ಯಾಕ್ಸಲ್ಲಿ ತಮ್ಮನ ಮೈಮೇಲೆ ದೈವ ಬರಲಿ" ಅಂದರಂತೆ.

"ದಾವಣಗೆರೆಯಲ್ಲಿ ಭೂತಕೋಲ ಎಲ್ಲಿದೆ ಸಾರ್?" ಅಂದ ಇವನು.

ಅವರು ಒಂದು ಕ್ಷಣ ಯೋಚನೆ ಮಾಡಿ, "ಹಾಗಾದ್ರೆ ಭಟ್ಟೀನ ಕುಂದಾಪುರಕ್ಕೆ ಹಾಕಿ" ಅಂದರಂತೆ.

ನಮಸ್ಕಾರ.