ಕಂಡವನೇ ಬಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ‘ವಿಟ್’ ಎಂಬ ಪದ ನಮಗೆ ಹೊಸದಲ್ಲ. ಜಾಣ್ಮೆ, ಚುರುಕು ಮಾತು ಎಂಬ ಅರ್ಥದಲ್ಲಿ ಅದನ್ನು ಬಳಸುತ್ತೇವೆ. ಒಂದಾನೊಂದು ಕಾಲಕ್ಕೆ ಅದು ಕ್ರಿಯಾಪದವೂ ಆಗಿತ್ತು; ತಿಳಿದಿರು, ಬಲ್ಲವನಾಗಿರು ಎಂಬುದು ಅದರ ಅರ್ಥ. ‘ನಾನು ಬಲ್ಲೆ’ ಎನ್ನಲು ‘ಐ ವಾಟ್’, ‘ಅರಿತಿದ್ದೆ’ ಎನ್ನಲು ‘ಐ ವಿಸ್ಟ್’. ಕಿವಿಗೆ ಮಾತ್ರ ಬೀಳುವ ಈ ಮಾಧ್ಯಮದಲ್ಲಿ ‘ವಾಟ್’ ಎಂದರೆ ‘ಏನು’ ಎಂಬ ಪ್ರಶ್ನೆಯಂತೆ ಕೇಳಿಸೀತು. ಇದು ಬೇರೆಯೇ ಪದ.

1611ರ ಇಂಗ್ಲಿಷ್ ಬೈಬಲಿನಲ್ಲಿ ಇದು ಇನ್ನೂ ಉಸಿರಾಡುತ್ತಿದೆ. ಸೀನಾಯಿ ಬೆಟ್ಟ ಇಳಿದು ಬರುವ ಮೋಶೆಯ ಮುಖ ಬೆಳಗುತ್ತಿರುತ್ತದೆ, ಅದು ಅವನಿಗೇ ತಿಳಿಯದು. ‘ಮೋಸೆಸ್ ವಿಸ್ಟ್ ನಾಟ್’ ಎನ್ನುತ್ತದೆ ಆ ಸಾಲು. ಹನ್ನೆರಡರ ಬಾಲಕ ಯೇಸು ದೇವಾಲಯದಲ್ಲಿ ತನ್ನನ್ನು ಹುಡುಕಿ ಬಂದ ತಾಯಿತಂದೆಯರನ್ನು ಕೇಳುವುದೂ ‘ವಿಸ್ಟ್ ಯೀ ನಾಟ್’ ಎಂದೇ: ನಿಮಗೆ ತಿಳಿದಿರಲಿಲ್ಲವೇ?

ನನಗೆ ಬಹಳ ಪ್ರಿಯವಾದದ್ದು ಇದರ ವ್ಯಾಕರಣ. ‘ಅವನು ಬಲ್ಲ’ ಎನ್ನುವಾಗಲೂ ‘ಹಿ ವಾಟ್’. ಕೊನೆಗೆ ‘ಸ್’ ಸೇರದು. ಏಕೆಂದರೆ ಮೂಲದಲ್ಲಿ ಇದು ವರ್ತಮಾನದ ರೂಪವೇ ಅಲ್ಲ. ‘ಕಂಡಿದ್ದೇನೆ’ ಎಂಬ ರೂಪವೇ ‘ಬಲ್ಲೆ’ ಎಂಬ ಅರ್ಥ ತಳೆಯಿತು. ಸಂಸ್ಕೃತದಲ್ಲಿ ‘ಅವನು ಬಲ್ಲ’ ಎನ್ನುವ ‘ವೇದ’ ಎಂಬ ಕ್ರಿಯಾರೂಪವೂ ಇದೇ ಬೇರಿನದು, ಇದೇ ಬಗೆಯದು. ನೋಡುವುದನ್ನು ಹೇಳುವ ಲ್ಯಾಟಿನ್ನಿನ ‘ವಿಡಿಯೊ’ ಸಹ ಅಲ್ಲಿಂದಲೇ ಬಂದದ್ದು. ಕನ್ನಡದ ‘ಬಲ್ಲೆ’ ದ್ರಾವಿಡ ಮೂಲದ್ದು, ಈ ಬಳಗಕ್ಕೆ ಸೇರಿದ್ದಲ್ಲ. ಆದರೂ ನೋಡಿ, ಬಲ್ಲೆ, ಬಲ್ಲ, ಬಲ್ಲರು ಎನ್ನುತ್ತೇವೆಯೇ ಹೊರತು ‘ಬಲ್ಲುತ್ತೇನೆ’ ಎನ್ನುವುದಿಲ್ಲ. ಅರಿವಿನ ಪದ ನಮ್ಮಲ್ಲೂ ಕಾಲಪ್ರತ್ಯಯಕ್ಕೆ ಮಣಿದಿಲ್ಲ.

ಇಂಗ್ಲಿಷಿನಲ್ಲಿ ‘ನೋ’ ಎಂಬ ಇನ್ನೊಂದು ಕ್ರಿಯಾಪದ ಇದರ ಕೆಲಸವನ್ನೂ ವಹಿಸಿಕೊಂಡಿತು. ಜರ್ಮನ್ ಭಾಷೆ ಇಂದಿಗೂ ವಿಷಯ ತಿಳಿದಿರುವುದಕ್ಕೆ ‘ವಿಸ್ಸೆನ್’, ವ್ಯಕ್ತಿಯ ಪರಿಚಯಕ್ಕೆ ‘ಕೆನ್ನೆನ್’ ಎಂದು ಎರಡನ್ನೂ ಉಳಿಸಿಕೊಂಡಿದೆ. ಇಂಗ್ಲಿಷ್ ಆ ಭೇದವನ್ನು ಕಳೆದುಕೊಂಡದ್ದು ನಷ್ಟವೆಂದೇ ನನ್ನ ಎಣಿಕೆ.

ಹಳೆಯ ದಸ್ತಾವೇಜುಗಳಲ್ಲಿ ‘ಅಂದರೆ’ ಎಂಬರ್ಥದ ‘ಟು ವಿಟ್’ ಉಳಿದಿದೆ. ಅರಿಯದೆ ಮಾಡಿದ್ದಕ್ಕೆ ‘ಅನ್‌ವಿಟಿಂಗ್’ ಎನ್ನುತ್ತಾರೆ. ಮತ್ತೆ, ನ್ಯಾಯಾಲಯದ ಕಟಕಟೆ ಹತ್ತಿದವನು ‘ವಿಟ್ನೆಸ್’. ಆ ಪದದ ಮೊದಲ ಅರ್ಥ ಅರಿವು. ಅವನನ್ನು ನಾವು ಸಾಕ್ಷಿ ಎನ್ನುತ್ತೇವೆ. ಅದರೊಳಗೆ ‘ಅಕ್ಷಿ’ ಇದೆ, ಕಣ್ಣು.

ನಮಸ್ಕಾರ.