ಗಾಜಿನ ಹಿಂದಿನ ತಮಾಲೆ ಅಡುಗೆಮನೆ

ಗೋಡೆ ಮೇಲೆ ಕಾಣುತ್ತಿದೆಯಲ್ಲ, ಇದೇ 'ತಮಲಾಡಾ', ಅಂದರೆ ಎಲ್ಲರೂ ಸೇರಿ ತಮಾಲೆ ಮಾಡುವುದು. ತಮಾಲೆ ಅಂದರೆ ಜೋಳದ ಸಿಪ್ಪೆಯಲ್ಲಿ ಹಿಟ್ಟು, ಮಾಂಸ ಸುತ್ತಿ ಬೇಯಿಸುವ ಮೆಕ್ಸಿಕನ್ ತಿಂಡಿ. ಮೆಕ್ಸಿಕನ್-ಅಮೆರಿಕನ್ ಕಲಾವಿದೆ ಕಾರ್ಮೆನ್ ಲೋಮಸ್ ಗಾರ್ಸಾ ಅವರದ್ದು. 1948ರಲ್ಲಿ ಟೆಕ್ಸಸ್‌ನ ಕಿಂಗ್ಸ್‌ವಿಲ್‌ನಲ್ಲಿ ಹುಟ್ಟಿದವರು. ಇದು ಅವರ ಅಪ್ಪ ಅಮ್ಮನ ಅಡುಗೆಮನೆ. ಲಿಥೋಗ್ರಾಫ್, ಅಂದರೆ ಅಚ್ಚು ಹಾಕಿದ ಚಿತ್ರ.

ಆದರೆ ಈ ಗಾಜು ನೋಡಿ! ಎಷ್ಟು ಪಕ್ಕಕ್ಕೆ ಸರಿದರೂ ಮಧ್ಯದಲ್ಲಿ ನನ್ನ ಫೋನ್, ಹಿಂದಿನ ಬಾಗಿಲಿನ ಕೆಂಪು ಎಕ್ಸಿಟ್ ಬೋರ್ಡ್. ಬಗ್ಗಿದರೆ ಮೇಲಿನ ದೀಪ ಕಣ್ಣಿಗೆ ಹೊಡೆಯುತ್ತದೆ. ಎದ್ದು ನಿಂತರೆ ಅಜ್ಜಿ ಮುಖದ ಮೇಲೆ ನನ್ನ ಮುಖ. ಲೈಟ್ ಜಾಸ್ತಿ ಮಾಡಿ ಅಂತ ಕೇಳುವ ಹಾಗೂ ಇಲ್ಲ. ಕಾಗದದ ಮೇಲಿನ ಬಣ್ಣ ಬೆಳಕಿಗೆ ಮಾಸುತ್ತದೆ. ಅದಕ್ಕೇ ಇಂಥ ಕೋಣೆಗಳಲ್ಲಿ ಸಾಮಾನ್ಯವಾಗಿ ಬೆಳಕನ್ನು 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸು, ಅಂದರೆ ಮಂದವಾಗಿ ಇಡುತ್ತಾರೆ. ಸರಿ, ಒಪ್ಪಿದೆ. ಆದರೆ ಪ್ರತಿಬಿಂಬ ಬೀಳದ ಗಾಜು ಸಿಗುತ್ತದೆ, ಅದನ್ನು ಹಾಕಬಹುದಿತ್ತು ಅಲ್ವಾ? ಒಂದೊಂದು ಕೈಯನ್ನೂ ನೋಡಬೇಕಾದ ಚಿತ್ರ ಇದು.

ಹಾಂ, ಇಲ್ಲಿಂದ ಪರವಾಗಿಲ್ಲ. ನೀಲಿ ಓವರಾಲ್ ಹಾಕಿಕೊಂಡವರು ತಾತ. ಪಕ್ಕದಲ್ಲೇ ಪುಟ್ಟ ಕಾರ್ಮೆನ್. ಮುಸುಕಿನ ಜೋಳದ ಒಣ ಸಿಪ್ಪೆ ನೆನೆಹಾಕುತ್ತಿದ್ದಾರೆ. ಅಮ್ಮ ಅದಕ್ಕೆ ಹಿಟ್ಟು ಸವರುತ್ತಾರೆ, ನೆಂಟರು ಅದರ ಮೇಲೆ ಮಾಂಸ ಹರಡುತ್ತಾರೆ, ಅಜ್ಜಿ ಮಡಿಚಿದ್ದನ್ನು ಸಾಲಾಗಿ ಜೋಡಿಸುತ್ತಾರೆ. ಆಮೇಲೆ ಆವಿಯಲ್ಲಿ ಬೇಯಿಸುವುದು, ನಮ್ಮ ಅರಿಶಿನ ಎಲೆ ಕಡುಬಿನ ಹಾಗೆ. ಕೆಲವು ಮನೆಗಳಲ್ಲಿ ಹೆಂಗಸರು ಮಾತ್ರ ಮಾಡುತ್ತಾರಂತೆ, ಇವರ ಮನೆಯಲ್ಲಿ ಎಲ್ಲರೂ. ಹಬ್ಬದ ದಿನ ನಮ್ಮನೆ ಒಲೆ ಮುಂದೆ ಒಬ್ಬ ಗಂಡಸೂ ಇರುತ್ತಿರಲಿಲ್ಲ. ಅಮ್ಮ ಊಟಕ್ಕೆ ಕೂರುವಾಗ ಮಧ್ಯಾಹ್ನ ಮೂರು ಗಂಟೆ... ಇರಲಿ, ಅದಕ್ಕೆ ಬೇರೆ ವಿಡಿಯೋನೇ ಬೇಕು.

ಮುದ್ದಾಗಿದೆ ಅಂತ ಸುಮ್ನೆ ದಾಟಿ ಹೋಗಬೇಡಿ. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ ಕೊಡುತ್ತಿದ್ದ ಕಾಲದಲ್ಲಿ ಬೆಳೆದವರು ಇವರು. ಆ ಗಾಯಕ್ಕೆ ತನ್ನ ಚಿತ್ರಗಳೇ ಲೋಳೆಸರ ಅನ್ನುವ ಅರ್ಥದಲ್ಲಿ ಹೇಳಿದ್ದಾರೆ. ಅಂಥ ಚಿತ್ರ ಅಚ್ಚಾದರೆ ಒಂದೇ ಗೋಡೆಗೆ ಸೀಮಿತ ಆಗುವುದಿಲ್ಲ. ಅದೇ ಅಡುಗೆಮನೆ ಎಷ್ಟೋ ಮನೆಗಳಿಗೆ ಹೋಗುತ್ತದೆ. ನನಗೆ ಅದೇ ದೊಡ್ಡ ವಿಷಯ.

ಮೊದಲು ನನಗೆ ಇನ್ನೊಬ್ಬ ಮೆಕ್ಸಿಕನ್-ಅಮೆರಿಕನ್ ಕಲಾವಿದೆ ಎಸ್ಟರ್ ಹೆರ್ನಾಂಡೆಸ್ ಅವರ 1982ರ 'ಸನ್ ಮ್ಯಾಡ್' ಜಾಸ್ತಿ ಹಿಡಿಸುತ್ತಿತ್ತು. 'ಸನ್-ಮೇಡ್' ಒಣದ್ರಾಕ್ಷಿ ಡಬ್ಬಿಯ ಹುಡುಗಿಯನ್ನು ಅಸ್ಥಿಪಂಜರ ಮಾಡಿದ್ದಾರೆ, ತೋಟಕ್ಕೆ ಹೊಡೆಯುವ ಕೀಟನಾಶಕದ ಮೇಲಿನ ಸಿಟ್ಟು ಅದು. ಅದೂ ಅಡುಗೆಮನೆ ಸಾಮಾನೇ ನೋಡಿ. ಇವತ್ತು ಮಾತ್ರ ಈ ತಾತನ ಕೈಗಳೇ ಗಟ್ಟಿ ಅನ್ನಿಸುತ್ತಿವೆ. ನಾಳೆ ಬೇರೆ ಹೇಳಬಹುದು.

ಅಯ್ಯೋ, ಗಾರ್ಡ್ ಬಂದರು, ಬಾಗಿಲು ಹಾಕುವ ಹೊತ್ತು. ಗಾರ್ಸಾ ಅವರದ್ದೇ ಲೊಟೇರಿಯಾ, ಅಂದರೆ ನಮ್ಮ ಹೌಸಿ ಥರದ ಮೆಕ್ಸಿಕನ್ ಆಟ ಆಡುವ ಚಿತ್ರ ಪಕ್ಕದ ಗೋಡೆಯಲ್ಲಿದೆ, 1972ರ ಎಚಿಂಗ್ (ಆಸಿಡ್‌ನಿಂದ ಕೊರೆದ ಲೋಹದ ತಗಡಿನಿಂದ ತೆಗೆದ ಅಚ್ಚು), ಬಣ್ಣ ಕೈಯಲ್ಲೇ ಹಾಕಿದ್ದು. ಬೇಗ ಬನ್ನಿ.